ಬಿದ್ದವನು ಹೇಳಬಾರದು

ನಮ್ಮ ನಾಲ್ವರಲ್ಲಿ ಒಂದು ಕಟ್ಟಳೆ ಇದೆ. ಯಾರು ಬಿದ್ದರೋ ಅವರು ಆ ಕಥೆ ಹೇಳಬಾರದು. ನೋಡಿದವರು ಹೇಳಬೇಕು. ಬಿದ್ದವನು ಎದುರಿಗೇ ಕೂತು ಚಹಾ ಕುಡಿಯುತ್ತ ಕೇಳಬೇಕು.

ಇದು ಸಿಂಧನೂರಿನ ಸರ್ಕಾರಿ ಶಾಲೆಯಲ್ಲಿ ಓದುವಾಗ ಶುರುವಾದದ್ದು. ಕಾಲುವೆಯಲ್ಲಿ ಈಜು ಕಲಿಯುವ ದಿನಗಳವು. ಹೊಟ್ಟೆ ತುಂಬ ನೀರು ಕುಡಿದು ದಡಕ್ಕೆ ಬಂದವನು, "ನಾನ ಬೇಕಂತ ಮುಳುಗಿದ್ದೆ" ಎನ್ನುತ್ತಿದ್ದ. ಬಿದ್ದವರು ನಿಜ ಹೇಳುವುದಿಲ್ಲ ಎಂದು ಗೊತ್ತಾದ ಮೇಲೆ ಕಟ್ಟಳೆ ತಾನಾಗಿಯೇ ಬಂತು. ನೋಡಿದವರು ಹೇಳುವುದೂ ನಿಜವಲ್ಲ, ಆದರೆ ಕೇಳಲು ಚೆನ್ನಾಗಿರುತ್ತದೆ.

ಹೆಸರು ಬರೆದರೆ ಮೂವರೂ ಜಗಳಕ್ಕೆ ಬರುತ್ತಾರೆ. ಅದಕ್ಕೆ ಅವರವರ ಕೆಲಸದಿಂದ ಕರೆಯುತ್ತೇನೆ. ಒಬ್ಬ ಗ್ಯಾರೇಜಿನವನು, ಮೋಟಾರ್ ಸೈಕಲ್ ರಿಪೇರಿ ಮಾಡುತ್ತಾನೆ. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಇನ್ನೊಬ್ಬ ಲಾರಿಯವನು, ರೈಸ್ ಮಿಲ್ಲಿನ ಅಕ್ಕಿ ಹೇರಿಕೊಂಡು ಊರೂರು ತಿರುಗುತ್ತಾನೆ. ಮೂರನೆಯವನು ಹೊಲದವನು. ಅಜ್ಜನ ಕಾಲದಿಂದ ಅವರಿಗೆ ಕಾಲುವೆಯ ಕೆಳಗೆ ಬತ್ತದ ಗದ್ದೆ ಇದೆ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಬೈಗುಳ.

ನಾನು ಲಿಂಗಸುಗೂರಿನಲ್ಲಿ ಉಪನ್ಯಾಸಕ. ನಮ್ಮಪ್ಪ ಸಿಂಧನೂರಿನ ಗಂಜಿನಲ್ಲಿ, ಕಾಳುಕಡಿಯ ಮಾರುಕಟ್ಟೆಯಲ್ಲಿ, ಹಮಾಲಿಯಾಗಿದ್ದ. ಬತ್ತದ ಚೀಲ ಹೊತ್ತು ಹೊತ್ತು ಅವನ ಕುತ್ತಿಗೆಯ ಹಿಂದೆ ಒಂದು ಗಂಟು ಬೆಳೆದಿತ್ತು. ನಮ್ಮ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದವರಿರಲಿಲ್ಲ. ನಾನು ಬಿ.ಎ. ಮುಗಿಸಿದೆ, ಎಂ.ಎ. ಮುಗಿಸಿದೆ. ರಜೆ ಬಂದಾಗಲೆಲ್ಲ ಮಿಲ್ಲಿನಲ್ಲಿ ಚೀಲದ ಬಾಯಿ ಹೊಲಿಯುತ್ತ ಓದಿದವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರಾದರೂ ಕೇಳಿದರೆ ಇನ್ನೊಮ್ಮೆ ಹೇಳುತ್ತೇನೆ. ಓದು, ಆಮೇಲೆ ನೌಕರಿಗೆ ಕಾಯುವುದು, ಆಮೇಲೆ ತಂಗಿಯರ ಮದುವೆ. ಇದರೊಳಗೆ ನನ್ನ ಮದುವೆ ಹಾಗೇ ಉಳಿಯಿತು. ಅಪ್ಪ ಅವ್ವ ಈಗಿಲ್ಲ. ಲಿಂಗಸುಗೂರಿನಲ್ಲಿ ಮಾಳಿಗೆಯ ಮೇಲಿನ ಬಾಡಿಗೆ ಮನೆ, ನಾನೊಬ್ಬನೇ.

ಭಾನುವಾರ ಮಾತ್ರ ಸಿಂಧನೂರಿಗೆ ಹೋಗುತ್ತೇನೆ. ಬಸ್ ನಿಲ್ದಾಣದ ಮಗ್ಗುಲಲ್ಲಿ ಒಂದು ಚಹಾದ ಹೋಟೆಲು. ಹೊರಗೆ ಬೇವಿನ ಗಿಡದ ಕೆಳಗೆ ಉದ್ದನೆಯ ಬೆಂಚು. ಅಲ್ಲಿ ಆ ವಾರ ಯಾರು ಎಲ್ಲಿಗೆ ಹೋದರು, ಯಾರು ಎಲ್ಲಿ ಬಿದ್ದರು ಎನ್ನುವುದರ ವಿಚಾರಣೆ ನಡೆಯುತ್ತದೆ.

ಈ ಬೇಸಿಗೆಯ ದೊಡ್ಡ ಕಥೆ ಗ್ಯಾರೇಜಿನವನ ಗಾಡಿಯದು.

ಬೇಸಿಗೆಯಲ್ಲಿ ನಮ್ಮ ಕಾಲುವೆಗೆ ನೀರು ಬಂದ್ ಆಗುತ್ತದೆ. ತಳದಲ್ಲಿ ಅಲ್ಲಲ್ಲಿ ಗುಂಡಿಗಳಲ್ಲಿ ನೀರು ನಿಂತು, ಕಾಲುವೆಯ ಮೀನೆಲ್ಲ ಆ ಗುಂಡಿಗಳಿಗೆ ಬಂದು ಸೇರುತ್ತದೆ. ಮೂವರೂ ಮೀನು ಹಿಡಿಯಲು ಹೋಗಿದ್ದರು. ನಾನು ಮೊಬೈಲಿನಲ್ಲಿ ಲಾರಿಯವನ ಸ್ಟೇಟಸ್ ನೋಡಿಯೇ ತಿಳಿದುಕೊಂಡೆ. ಕಾಲುವೆಯ ದಂಡೆ, ಲಾರಿಯ ಹಗ್ಗ, ಹಗ್ಗದ ತುದಿಗೆ ಕೆಸರು ಮೆತ್ತಿದ ಮೋಟಾರ್ ಸೈಕಲ್. ಕೆಳಗೆ ಒಂದು ಅಕ್ಷರವೂ ಇರಲಿಲ್ಲ. ಭಾನುವಾರ ಬರುವವರೆಗೆ ಹೇಗೋ ತಡೆದುಕೊಂಡೆ.

ಲಾರಿಯವನು ಶುರು ಮಾಡಿದ. "ಈ ಮೆಕ್ಯಾನಿಕ್ ಸಾಹೇಬ್ರು ಏನ್ ಮಾಡಿದ್ರು ಗೊತ್ತೈತೇನು? ಗಾಡಿ ಬಿಸಲಾಗ ನಿಂತ್ರ ಪೆಟ್ರೋಲ್ ಹಾರತೈತಿ ಅಂತ ಹೇಳಿ, ಕಾಲುವ್ಯಾಗ ಇಳಿಸಿ, ಬ್ರಿಡ್ಜಿನ ಕೆಳಗ ನೆಳ್ಳಿಗೆ ನಿಲ್ಲಿಸ್ಯಾರ. ಲಾಕ್ ಬ್ಯಾರೆ ಹಾಕ್ಯಾರ. ಒಣ ಕಾಲುವ್ಯಾಗ ಯಾಂವ ಕಳವು ಮಾಡ್ತಾನ್ಲೇ ಅಂದ್ರ, ಜಮಾನಾ ಖರಾಬ್ ಐತಿ ಅಂದಾನ."

"ಹ್ಯಾಂಡಲ್ ಲಾಕ್ ಲೇ!" ಹೊಲದವನು ತೊಡೆ ತಟ್ಟಿದ. "ಪಾಪ, ನೀರಿಗೆ ಗೊತ್ತಾಗಲಿಲ್ಲ ಲಾಕ್ ಐತಿ ಅಂತ."

ಗ್ಯಾರೇಜಿನವನು ಕಟ್ಟಳೆಯ ಪ್ರಕಾರ ಬಾಯಿ ಮುಚ್ಚಿ ಕೂತಿದ್ದ. ಚಹಾದ ಗ್ಲಾಸಿನೊಳಗೆ ಏನೋ ಗೊಣಗಿದ.

ಆದದ್ದು ಇಷ್ಟು. ಊರಿನ ಕುಡಿಯುವ ನೀರಿನ ಕೆರೆ ತುಂಬಿಸಲು ನಡುವೆ ಕಾಲುವೆಗೆ ನೀರು ಬಿಟ್ಟಿದ್ದಾರೆ. ಇವರಿಗೆ ಗೊತ್ತಿಲ್ಲ. ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಮುದುಕರೊಬ್ಬರು ಬಲೆ ಹೆಗಲಿಗೇರಿಸಿಕೊಂಡು ದಂಡೆಯ ಮೇಲೆ ನಿಂತು, "ನೀರ್ ಬಂತು, ಮ್ಯಾಲೆ ಬಾ, ನೀರ್ ಬಂತು" ಎಂದು ಕೂಗಿದ್ದಾರೆ.

"ಇಂವ ಏನಂದ ಗೊತ್ತೇನು?" ಲಾರಿಯವನು ಗ್ಯಾರೇಜಿನವನ ದನಿಯನ್ನೇ ತೆಗೆದ. "'ಅರೆ ಯಾರ್, ಆ ಚಾಚಾಗ ನಮ್ಮ ಮೀನಿನ ಮ್ಯಾಗ ಕಣ್ಣು ಬಿದ್ದೈತಿ. ನಮ್ಮನ್ನ ಓಡಿಸಿ ತಾನು ಬಲಿ ಹಾಕಬೇಕಂತಾನ. ಹಿಲ್ಲೋ ನಕ್ಕೋ!' ಅಂದ. ನಾವೂ ಮಂಗ್ಯಾಗೋಳು, ಅಳ್ಳಾಡಲಿಲ್ಲ."

"ಮುದುಕ ಮತ್ತೂ ಕೂಗ್ಯಾನ. ಇಂವ ಅವಂಗ ಸಲಾಮ್ ಹೊಡದಾನ!" ಎಂದ ಹೊಲದವನು.

"ಆಮ್ಯಾಲ ಸಣ್ಣ ನೀರು ಬಂತು ನೋಡು, ಕಸ ದಬ್ಬಿಕೊಂತ, ನಾಯಿ ನಾಲಿಗಿ ಚಾಚಿಧಂಗ. ಇಂವ ಅದರಾಗ ಕೈಕಾಲು ತೊಳಕೊಂಡು ಎಷ್ಟು ತಣ್ಣಗೈತಿ ಅಂದ. ಅದರ ಹಿಂದ ಅದರಪ್ಪ ಬರಾಕತ್ತಿದ್ದ. ನಾವು ಮೀನು ಬಿಟ್ಟು, ಚಪ್ಪಲಿ ಬಿಟ್ಟು ದಂಡಿ ಹತ್ತಿದ್ವಿ. ಇಂವ ಮಾತ್ರ ನೀರಾಗ ನಿಂತು ಕೀಲಿ ಹುಡುಕಾಕತ್ತಾನ. ಕೀಲಿ ಎಲ್ಲೈತಿ? ದಂಡಿ ಮ್ಯಾಲ ಬಿಚ್ಚಿಟ್ಟ ಪ್ಯಾಂಟಿನಾಗ!"

"ಕಡೀಕ ಗಾಡೀದು ಎರಡು ಕನ್ನಡಿ ಅಷ್ಟ ಕಾಣತಿದ್ವು," ಹೊಲದವನು ಮುಗಿಸಿದ. "ಒಂದರ ಮ್ಯಾಲ ಕೊಕ್ಕರಿ ಬಂದು ಕುಂತು ಮಾರಿ ನೋಡಿಕೊಳ್ಳಾಕತ್ತಿತ್ತು."

ಈಗ ಗ್ಯಾರೇಜಿಗೆ ಬಂದವರೆಲ್ಲ, "ಸಾಹೇಬ್ರ, ನಿಮ್ಮ ಗಾಡಿ ಯಾರ ಕಡೆ ರಿಪೇರಿಗೆ ಹಾಕೀರಿ?" ಎಂದು ಕೇಳುತ್ತಾರಂತೆ.

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಗು ನಿಂತ ಮೇಲೆ ಕೇಳಿದೆ: "ನನಗ್ಯಾಕ ಹೇಳಲಿಲ್ಲ? ನಾನೂ ಬರ್ತಿದ್ದೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿನಗ ಕಾಲೇಜು ಇರತೈತಿ," ಎಂದ ಹೊಲದವನು.

"ಒಂದು ದಿನ ರಜಾ ಹಾಕ್ತಿದ್ದೆ."

"ಹಂಗಲ್ಲಪಾ," ಲಾರಿಯವನು ನಿಧಾನವಾಗಿ ಹೇಳಿದ. "ನಾವು ಚಡ್ಡಿ ಮ್ಯಾಗ ಕಾಲುವ್ಯಾಗ ನಿಂತಿರತೀವಿ. ನಿನ್ನ ಹುಡುಗರು ಯಾರರ ದಂಡಿ ಮ್ಯಾಲ ಹಾದು ಹೋದ್ರ? ನಾಳೆ ನಿನ್ನ ಪಾಠ ಹ್ಯಾಂಗ ಕೇಳ್ತಾರ? ನಮಗೇನು, ನಾವು ಎಲ್ಲಿ ಬಿದ್ರೂ ನಡೀತೈತಿ."

"ನನಗೂ ನಡೀತೈತಿ," ಎಂದೆ.

"ಆತು ಬಿಡು, ಮುಂದಿನ ಸಲ," ಎಂದ ಗ್ಯಾರೇಜಿನವನು. ಅವನು ಆ ದಿನ ಆಡಿದ ಮೊದಲ ಮಾತು ಅದು.

ಮುಂದಿನ ಸಲ ಅವರು ಮುದಗಲ್ ಕೋಟೆಗೆ ಹೋದರು. ಹೊಲದವನ ಬುತ್ತಿಯ ಗಂಟನ್ನು ಮಂಗ ಕಿತ್ತುಕೊಂಡು ಬುರುಜಿನ ಮೇಲೆ ಕೂತು, ಒಂದೊಂದೇ ರೊಟ್ಟಿ ಬಿಡಿಸಿ ನೋಡಿ ಕೆಳಗೆ ಎಸೆಯಿತಂತೆ. ಚಟ್ನಿ ಮಾತ್ರ ಇಟ್ಟುಕೊಂಡಿತಂತೆ. ಲಿಂಗಸುಗೂರಿನಿಂದ ಮುದಗಲ್ ಎಷ್ಟು ದೂರ? ನನ್ನ ಊರಿನ ಮೇಲೆಯೇ ಹಾದು ಹೋಗಿದ್ದರು. ಅದನ್ನೂ ನಾನು ಬೆಂಚಿನ ಮೇಲೆ ಕೂತೇ ಕೇಳಿದೆ, ಕೇಳಿ ನಕ್ಕೆ.

ಅವರದು ಕೆಟ್ಟ ಮನಸ್ಸಲ್ಲ. ನನ್ನ ಮರ್ಯಾದೆಯನ್ನು ಅವರು ಒಂದು ಗಾಜಿನ ಸಾಮಾನಿನ ಹಾಗೆ ಎತ್ತಿಟ್ಟಿದ್ದಾರೆ. ಮೊದಲು ನನ್ನ ಬಿದ್ದ ಕಥೆಗಳೂ ಆ ಬೆಂಚಿನ ಮೇಲೆ ಓಡಾಡುತ್ತಿದ್ದವು. ಬಿ.ಎ. ಓದುವಾಗ ಗದ್ದೆಯ ಬದುವಿನ ಮೇಲೆ ಪುಸ್ತಕ ಓದುತ್ತ ನಡೆದು, ಪುಸ್ತಕದ ಸಮೇತ ಬತ್ತದ ಸಸಿಮಡಿಯಲ್ಲಿ ಬೋರಲಾಗಿ ಬಿದ್ದದ್ದು ಲಾರಿಯವನ ಬಾಯಲ್ಲಿ ವರ್ಷಕ್ಕೊಂದು ಹೊಸ ರೂಪ ಪಡೆಯುತ್ತಿತ್ತು. ನಾನು ಉಪನ್ಯಾಸಕನಾದ ಮೇಲೆ ಒಂದು ದಿನ ಅವನು ಅದನ್ನೇ ಹೇಳುತ್ತಿದ್ದಾಗ, ಪಕ್ಕದ ಬೆಂಚಿನಿಂದ ಇಬ್ಬರು ಹುಡುಗರು ಎದ್ದು ನನಗೆ ನಮಸ್ಕಾರ ಮಾಡಿದರು. ಲಾರಿಯವನು ಮಾತು ಅಲ್ಲೇ ನುಂಗಿದ. ಆಮೇಲೆ ಆ ಕಥೆ ಹೇಳಲಿಲ್ಲ. ಬೇರೆಯವನ್ನೂ ಹೇಳಲಿಲ್ಲ. ಬೈಗುಳವೂ ಮೆಲ್ಲಗೆ ನಿಂತಿತು.

ಲಿಂಗಸುಗೂರಿನಲ್ಲಿ ನನ್ನನ್ನು ಕಂಡರೆ ಎಲ್ಲರೂ ನಮಸ್ಕಾರ ಹೇಳುತ್ತಾರೆ. ಮನೆಯ ಮಾಲೀಕರು ದಿನಾ ಸಂಜೆ ಮೆಟ್ಟಿಲ ಕೆಳಗಿನಿಂದ, "ಊಟ ಆತೇನ್ರಿ ಸರ?" ಎನ್ನುತ್ತಾರೆ. ಆತ್ರಿ ಎನ್ನುತ್ತೇನೆ. ಆಗಿರುವುದಿಲ್ಲ. ನಮ್ಮಪ್ಪನಿಗೆ ಜೀವಮಾನದಲ್ಲಿ ಯಾರೂ ರೀ ಹಚ್ಚಿ ಮಾತಾಡಿರಲಿಲ್ಲ. ನನಗೆ ಬಂದಿದೆ, ನಾನು ದುಡಿದು ಪಡೆದದ್ದು, ಬೇಡ ಎನ್ನುವುದಿಲ್ಲ. ಆದರೆ ಭಾನುವಾರ ಸಂಜೆ ಬಸ್ಸಿಳಿದು ಬಾಗಿಲು ತೆಗೆದಾಗ, ಬೆಳಿಗ್ಗೆ ಕುಡಿದಿಟ್ಟ ಚಹಾದ ಲೋಟ ಅಲ್ಲೇ ಇರುತ್ತದೆ. ವಾರವಿಡೀ ಪಾಠ ಮಾಡಿದ ಬಾಯಿ, ಮನೆಯೊಳಗೆ ಬಂದರೆ ಒಂದು ಮಾತಿಗೂ ತೆರೆಯುವುದಿಲ್ಲ.

ಮುದಗಲ್ಲಿನ ಕಥೆ ಕೇಳಿದ ಮರುವಾರ ಸಿಂಧನೂರಿಗೆ ಹೊರಟವನು ನಡುವೆ ಮಸ್ಕಿಯಲ್ಲಿ ಇಳಿದುಬಿಟ್ಟೆ. ಬಸ್ಸಿನಿಂದ ಆ ಗುಡ್ಡ ನೋಡುತ್ತಲೇ ಇರುತ್ತೇನೆ. ಮೂವರೂ ಹಿಂದೊಮ್ಮೆ ಅದರ ಹಿಂಭಾಗದಿಂದ, ಮೆಟ್ಟಿಲಿಲ್ಲದ ಕಡೆಯಿಂದ ಹತ್ತಿದ್ದರು. ಅದನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಯಾವ ಬಂಡೆಯ ಮೇಲೆ ಯಾರು ಜಾರಿದರು ಎನ್ನುವುದು ನನಗೆ ಬಾಯಿಪಾಠವಾಗಿತ್ತು. ನಾನೂ ಹತ್ತುತ್ತೇನೆ ಎಂದುಕೊಂಡೆ. ದೇವರಿಗೆ ಹೋಗುವವರು ಮುಂದಿನ ಮೆಟ್ಟಿಲಲ್ಲಿ ಹತ್ತುತ್ತಿದ್ದರು. ನಾನು ಸುತ್ತು ಹಾಕಿ ಹಿಂದಕ್ಕೆ ಹೋದೆ.

ಅರ್ಧ ಹತ್ತುವವರೆಗೆ ಚೆನ್ನಾಗಿಯೇ ನಡೆಯಿತು. ಬೆಳಗಿನ ಬಿಸಿಲಿಗೇ ಬಂಡೆ ಕಾಯತೊಡಗಿತ್ತು. ಎರಡು ಬಂಡೆಗಳ ನಡುವೆ ಸೀಳು, ಅದನ್ನು ದಾಟಲು ಎಡಗಾಲು ಚಾಚಿದೆ. ಬಲಗಾಲಿನ ಚಪ್ಪಲಿ ಜಾರಿತು. ಮೊದಲು ಮಂಡಿ, ಆಮೇಲೆ ಮೊಣಕೈ, ಆಮೇಲೆ ನಾನು ಪೂರ್ತಿ. ಕೂತ ಭಂಗಿಯಲ್ಲೇ ಬಂಡೆಯ ಮೇಲಿಂದ ಸರ್ರನೆ ಇಳಿದು, ಕೆಳಗಿನ ಜಾಲಿಯ ಪೊದೆಯಲ್ಲಿ ಹೋಗಿ ನಿಂತೆ. ಒಂದು ಚಪ್ಪಲಿ ಸೀಳಿನೊಳಗೆ ಬಿತ್ತು. ಅದು ಕೆಳಗೆ ಬಡಿದ ಸಪ್ಪಳ ಬಹಳ ಹೊತ್ತಿನ ಮೇಲೆ ಕೇಳಿದ ಹಾಗಾಯಿತು.

ಬಿದ್ದವರು ಮೊದಲು ಸುತ್ತ ನೋಡುತ್ತಾರೆ, ಯಾರೂ ನೋಡಲಿಲ್ಲವಲ್ಲ ಎಂದು. ನಾನೂ ನೋಡಿದೆ, ಯಾರಾದರೂ ನೋಡಿದರೇ ಎಂದು.

ಯಾರೂ ಇರಲಿಲ್ಲ. ಮೇಲಿನ ಬಂಡೆಯ ಮೇಲೆ ಒಂದು ಆಡು ನಿಂತಿತ್ತು. ನನ್ನನ್ನೇ ನೋಡುತ್ತ ಏನನ್ನೋ ಅಗಿಯುತ್ತಿತ್ತು. ಗುಡ್ಡದ ಆ ಕಡೆಯಿಂದ ಗುಡಿಯ ಗಂಟೆ ಕೇಳುತ್ತಿತ್ತು. ಕೂಗಿದರೆ ಯಾರಾದರೂ ಬರುತ್ತಿದ್ದರೇನೋ. ಆದರೆ ಕೈಕಾಲು ಮುರಿದಿರಲಿಲ್ಲ, ಏನೆಂದು ಕೂಗಲಿ? ಮೈಯ ಮುಳ್ಳನ್ನು ಒಂದೊಂದಾಗಿ ಕಿತ್ತುಕೊಂಡೆ. ಬೆನ್ನಿನ ಮುಳ್ಳು ಕೈಗೆ ಸಿಗಲಿಲ್ಲ. ಪ್ಯಾಂಟಿನ ಮಂಡಿ ಹರಿದಿತ್ತು, ರಕ್ತ ಪಾದದವರೆಗೆ ಇಳಿದಿತ್ತು. ಆಗಲೇ ಲಾರಿಯವನ ದನಿ ತಲೆಯೊಳಗೆ ಶುರುವಾಯಿತು: "ನಮ್ಮ ಮಾಸ್ತರ ಗುಡ್ಡದ ಮ್ಯಾಗಿಂದ ಜಾರುಬಂಡಿ ಆಡಾಕ ಹೋಗ್ಯಾನ..." ನೋವಿನಲ್ಲೂ ನಗು ಬಂತು. ಎದ್ದು ಕುಂಟುತ್ತ ಇಳಿದೆ.

ಮಸ್ಕಿಯ ಬಜಾರಿನಲ್ಲಿ ಚಪ್ಪಲಿಯ ಅಂಗಡಿ ಇತ್ತು. ನಾನು ಕೊಳ್ಳಲಿಲ್ಲ. ಬೇಕೆಂದೇ ಕೊಳ್ಳಲಿಲ್ಲ. ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು, ಹರಿದ ಮಂಡಿ. ಹೀಗೇ ಬೆಂಚಿನ ಮುಂದೆ ಹೋಗಿ ನಿಲ್ಲಬೇಕು ಎಂದುಕೊಂಡೆ. ಅಷ್ಟು ಕಂಡರೆ ಆ ಮೂವರು ಬಿಡುವುದಿಲ್ಲ.

ಸಿಂಧನೂರಿನಲ್ಲಿ ಬಸ್ಸಿಳಿದಾಗ ಮೂವರೂ ಬಂದು ಕೂತಿದ್ದರು. ದೂರದಿಂದಲೇ ಹೊಲದವನು ನನ್ನನ್ನು ಕಂಡ.

ಅವನು ಎದ್ದು ನಿಂತ. ಮೂವರೂ ಎದ್ದು ನಿಂತರು.

"ಏನಾತು? ಏನಾತಪಾ? ಎಲ್ಲಿ ಬಿದ್ದಿ?"

"ಯಾ ಅಲ್ಲಾ, ರಕ್ತ ನೋಡು. ಕುರ್ಚಿ ತಗೊಂಡು ಬರ್ರಿ!" ಗ್ಯಾರೇಜಿನವನು ಹೋಟೆಲಿನ ಒಳಗೆ ಕೂಗಿದ.

ಕುರ್ಚಿ ಬಂತು. ಬೆಂಚಿನ ಮೇಲೆ ಅಲ್ಲ, ಕುರ್ಚಿಯ ಮೇಲೆ ಕೂಡಿಸಿದರು. ಗ್ಯಾರೇಜಿನವನು ನೆಲಕ್ಕೆ ಕೂತು ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ನೀರು ಹಾಕಿ ತೊಳೆದ. ನಾನು ಬೇಡ ಎಂದರೂ ಬಿಡಲಿಲ್ಲ. ಲಾರಿಯವನು ಔಷಧದ ಅಂಗಡಿಗೆ ಓಡಿಹೋಗಿ ಪಟ್ಟಿ, ಮುಲಾಮು ತಂದ. ಬರುವಾಗ ಒಂದು ಜೊತೆ ಹವಾಯಿ ಚಪ್ಪಲಿಯನ್ನೂ ತಂದು ನನ್ನ ಪಾದದ ಮುಂದೆ ಜೋಡಿಸಿಟ್ಟ. ಹೊಲದವನು ನನ್ನ ಬೆನ್ನಿನ ಮುಳ್ಳು ತೆಗೆದ.

ನಾನು ಕಾಯುತ್ತಿದ್ದೆ. ಈಗ ಒಬ್ಬ ಶುರು ಮಾಡುತ್ತಾನೆ, ಈಗ ಒಬ್ಬ.

"ಜೋಡಿ ಯಾರಿದ್ರು?" ಎಂದ ಲಾರಿಯವನು.

"ಯಾರೂ ಇಲ್ಲ. ಒಬ್ಬನ ಹೋಗಿದ್ದೆ. ಮಸ್ಕಿ ಗುಡ್ಡಕ್ಕ, ಹಿಂದಿನಿಂದ."

ಗ್ಯಾರೇಜಿನವನು ಮುಲಾಮು ಹಚ್ಚಿ ಪಟ್ಟಿ ಸುತ್ತತೊಡಗಿದ. ಆಗ ನಾನೇ ಹೇಳತೊಡಗಿದೆ. ಸೀಳು, ಎಡಗಾಲು, ಬಲಗಾಲು, ಜಾರಿದ್ದು, ಪೊದೆ, ಆಡು. ಹೇಳುತ್ತ ಹೇಳುತ್ತ ಒಬ್ಬೊಬ್ಬರ ಮುಖ ನೋಡಿದೆ. ಬೇರೆ ಯಾರಾದರೂ ಹೀಗೆ ತಮ್ಮ ಬಿದ್ದ ಕಥೆ ತಾವೇ ತೆಗೆದಿದ್ದರೆ, "ನೀ ಬಾಯಿ ಮುಚ್ಚಲೇ, ನಿನಗೇನು ಹಕ್ಕೈತಿ" ಎಂದು ಮೂರೂ ಕಡೆಯಿಂದ ಬೀಳುತ್ತಿತ್ತು. ನನಗೆ ಯಾರೂ ಅನ್ನಲಿಲ್ಲ. ಕೈಕಟ್ಟಿಕೊಂಡು ಕೊನೆಯವರೆಗೆ ಕೇಳಿದರು. ನನ್ನ ಹುಡುಗರು ತರಗತಿಯಲ್ಲಿ ಕೇಳುವುದು ಹೀಗೆಯೇ. ಆಡು ಬಂದಾಗ ನಾನು ತುಸು ನಿಲ್ಲಿಸಿದೆ, ನಗಲಿ ಎಂದು. ಗ್ಯಾರೇಜಿನವನ ತುಟಿಯ ಒಂದು ತುದಿ ಅಲ್ಲಾಡಿತು. ಅವನು ಬಗ್ಗಿ ಪಟ್ಟಿಯನ್ನು ಇನ್ನೊಮ್ಮೆ ಬಿಗಿ ಮಾಡಿದ.

"ಹಂಗ ಒಬ್ಬಾವನ ಹೋಗಬಾರದಪಾ," ಎಂದ ಹೊಲದವನು. "ನಿನಗ ಏನರ ಆದ್ರ ಹ್ಯಾಂಗ?"

"ಹೌದು, ನೀ ಹುಷಾರಿರಬೇಕು," ಎಂದ ಲಾರಿಯವನು.

ಚಹಾ ಕುಡಿದೆವು. ಟಿ.ಟಿ. ಇಂಜೆಕ್ಷನ್ ಮಾಡಿಸಿಕೊ ಎಂದರು. ಆ ವಾರ ಬೇರೆ ಯಾರೂ ಎಲ್ಲಿಗೂ ಹೋಗಿರಲಿಲ್ಲವಂತೆ. ಬತ್ತದ ಮಾತಾಡಿದರು, ಬಿಸಿಲಿನ ಮಾತಾಡಿದರು. ಬೇಗ ಹೊರಡುತ್ತೇನೆ ಎಂದೆ. ಯಾರೂ ತಡೆಯಲಿಲ್ಲ. ಮೂವರೂ ಬಂದು, ಒಬ್ಬ ನನ್ನ ಬ್ಯಾಗು ಹಿಡಿದು, ಒಬ್ಬ ರಟ್ಟೆ ಹಿಡಿದು ಲಿಂಗಸುಗೂರಿನ ಬಸ್ಸು ಹತ್ತಿಸಿದರು. ಕಾಲು ಚಾಚಲು ಅನುಕೂಲವಾಗುವ ಸೀಟು ನೋಡಿ ಕೂಡಿಸಿದರು. "ಮುಟ್ಟಿದ ಮ್ಯಾಲ ಫೋನ್ ಮಾಡು" ಎಂದು ಇಳಿದು ಹೋದರು.

ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಡ್ರೈವರ್ ಬಂದಿರಲಿಲ್ಲ. ಕಿಟಕಿಯಿಂದ ಹೋಟೆಲು ಕಾಣುತ್ತಿತ್ತು, ಬೇವಿನ ಗಿಡ ಕಾಣುತ್ತಿತ್ತು. ಮೂವರೂ ಹೋಗಿ ಬೆಂಚಿನ ಮೇಲೆ ಕೂತರು. ಮತ್ತೆ ಚಹಾ ತರಿಸಿಕೊಂಡರು.

ಆಮೇಲೆ ಹೊಲದವನು ಎದ್ದ. ಒಂದು ಚಪ್ಪಲಿ ಕಳಚಿ ದೂರ ಎಸೆದ. ಬೆಂಚು ಹತ್ತಿದ. ಒಂದು ಕಾಲನ್ನು ಮುಂದೆ ಚಾಚಿ, ಎರಡೂ ಕೈಯನ್ನು ಗಾಳಿಯಲ್ಲಿ ಆಡಿಸಿ, ಬೆಂಚಿನ ಉದ್ದಕ್ಕೂ ಕುಂಡಿಯ ಮೇಲೆ ಸರ್ರನೆ ಜಾರಿ ತುದಿಯಲ್ಲಿ ನೆಲಕ್ಕೆ ಬಿದ್ದ. ಲಾರಿಯವನು ಹೊಟ್ಟೆ ಹಿಡಿದುಕೊಂಡು ಬಗ್ಗಿದ. ಗ್ಯಾರೇಜಿನವನು ನೆಲದ ಮೇಲೆ ಕೈಯೂರಿ, ಕತ್ತು ಮೇಲೆತ್ತಿ, ದವಡೆ ಆಡಿಸುತ್ತ ಅವನನ್ನು ನೋಡಿದ. ಆಡು. ಆಡೇ ಅದು, ಥೇಟ್ ಹಾಗೇ ನೋಡಿತ್ತು. ಹೋಟೆಲಿನ ಒಳಗಿನಿಂದ ಜನ ಹೊರಗೆ ಬಂದು ನಿಂತರು. ನಗು ನನ್ನವರೆಗೆ ಬರಲಿಲ್ಲ. ಬಾಯಿಗಳು ಮಾತ್ರ ತೆರೆಯುವುದು ಕಾಣುತ್ತಿತ್ತು.

ಕಾಲು ತಪ್ಪಾಗಿತ್ತು. ನಾನು ಚಾಚಿದ್ದು ಎಡಗಾಲು, ಅವನು ಬಲಗಾಲು ಚಾಚಿದ್ದ. ನಾನು ಕಿಟಕಿಯ ಸರಳು ಹಿಡಿದು ಅರ್ಧ ಎದ್ದೆ. ಬಸ್ಸು ನಿಂತೇ ಇತ್ತು. ಇಳಿದು ಹೋಗಬಹುದಿತ್ತು. ಬೆಂಚಿನ ತುದಿಯಲ್ಲಿ, ಬಿದ್ದವನು ಕೂಡುವ ಜಾಗದಲ್ಲಿ, ಹೋಗಿ ಕೂಡಬಹುದಿತ್ತು.

ನಾನು ಹೋಗಿ ನಿಂತರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಹೊಲದವನು ಮೈಯ ಧೂಳು ಕೊಡವಿಕೊಳ್ಳುತ್ತಾನೆ. ಗ್ಯಾರೇಜಿನವನು ಕುರ್ಚಿ ತರಲು ಎದ್ದು ಹೋಗುತ್ತಾನೆ. "ಏನಪಾ, ಬಸ್ಸು ತಪ್ಪಿತೇನು, ಕಾಲು ನೋಯಾಕತ್ತೈತೇನು?" ಎನ್ನುತ್ತಾರೆ. ಎಷ್ಟೋ ವರ್ಷದ ಮೇಲೆ ನನ್ನದೊಂದು ಕಥೆ ಆ ಬೆಂಚಿನ ಮೇಲೆ ನಡೆಯುತ್ತಿತ್ತು. ಅದು ನಡೆಯಬೇಕಾದರೆ ನಾನು ಅಲ್ಲಿ ಇರಬಾರದಿತ್ತು.

ನಾನು ಕೂತೆ.

ಡ್ರೈವರ್ ಹತ್ತಿದ. ಕಂಡಕ್ಟರ್ ಬಾಗಿಲು ಎಳೆದುಕೊಂಡು, "ಎಲ್ಲಿಗ್ರಿ ಸರ?" ಎಂದ. ಲಿಂಗಸುಗೂರು ಎಂದೆ. ಬಸ್ಸು ಹಿಂದಕ್ಕೆ ಸರಿದು ತಿರುಗುವಾಗ ಕತ್ತು ಹೊರಳಿಸಿ ನೋಡಿದೆ. ಹೊಲದವನು ಇನ್ನೊಮ್ಮೆ ಬೀಳಲು ಬೆಂಚು ಹತ್ತುತ್ತಿದ್ದ.